ನಲವತ್ತೊಂದನೆಯ ಡಿವಿಜನ್ನಿನ ವಿಸರ್ಜನೆ

ಸೇನಾ ಚರಿತ್ರೆಯ ಕಚೇರಿಯಲ್ಲಿ ಒಂದು ಡಿವಿಜನ್ನಿಗೆ ಎರಡು ಪುಟ. ಹನ್ನೆರಡು ಸಾವಿರ ಜನ ಮೂರು ವರ್ಷ ಹಗಲಿರುಳೂ ಗುದ್ದಾಡಿದ್ದರೂ ಎರಡೇ, ಆರು ತಿಂಗಳಲ್ಲಿ ಸೋತು ದಿಕ್ಕಾಪಾಲಾಗಿದ್ದರೂ ಎರಡೇ. ಯಾವಾಗ ಕಟ್ಟಿದರು, ಯಾರ್ಯಾರು ದಂಡನಾಯಕರಾಗಿದ್ದರು, ಎಲ್ಲೆಲ್ಲಿ ಕಾದಾಡಿತು, ಯಾವಾಗ ವಿಸರ್ಜಿಸಿದರು. ಈ ನಾಲ್ಕು ತಲೆಬರಹಗಳ ಕೆಳಗೆ ಎಲ್ಲವೂ ಮುಗಿಯಬೇಕು. ಯುದ್ಧ ನಿಂತು ನಲವತ್ತು ವರ್ಷವಾದ ಮೇಲೆ ಸರ್ಕಾರಕ್ಕೆ ಇದನ್ನೆಲ್ಲ ಒಂದು ಪುಸ್ತಕ ಮಾಡುವ ಮನಸ್ಸು ಬಂದಿತ್ತು.

ಅಲ್ಲಿ ಕೆಲಸ ಮಾಡುತ್ತಿದ್ದವಳನ್ನು ಎಲ್ಲರೂ ಕಡತದಮ್ಮ ಎನ್ನುತ್ತಿದ್ದರು. ಹದಿನೆಂಟು ವರ್ಷ ಹಳೆ ಕಾಗದದ ಧೂಳು ಕುಡಿದು ಅವಳಿಗೆ ಸೀನು ಬರುವುದೇ ನಿಂತುಹೋಗಿತ್ತು. ಯಾವ ಡಿವಿಜನ್ ಕೊಟ್ಟರೂ ಬಾಯಿ ಮುಚ್ಚಿಕೊಂಡು ಬರೆದು ಕೊಡುತ್ತಿದ್ದಳು. ಆದರೆ ನಲವತ್ತೊಂದನೆಯದನ್ನು ಮಾತ್ರ ಅವಳೇ ಕೇಳಿ ತೆಗೆದುಕೊಂಡಳು. ಅವಳ ಅಪ್ಪ ಆ ಡಿವಿಜನ್ನಿನಲ್ಲಿ ಗುಮಾಸ್ತನಾಗಿದ್ದ. ಅವಳಿಗೆ ಎರಡು ವರ್ಷವಾಗಿದ್ದಾಗ ಹೋದವನು ತಿರುಗಿ ಬರಲಿಲ್ಲ. ಸತ್ತನೆಂದು ಸೇನೆಯಿಂದ ಕಾಗದ ಬರಲಿಲ್ಲ, ಕಾಣೆಯಾದನೆಂದೂ ಬರಲಿಲ್ಲ. ವಿಚಾರಿಸಿದಾಗಲೆಲ್ಲ ಒಂದೇ ಉತ್ತರ: ಆ ಹೆಸರಿನವರು ನಮ್ಮ ಪಟ್ಟಿಯಲ್ಲಿಲ್ಲ.

ಅಮ್ಮನಿಗೆ ಈಗ ಅರವತ್ತನಾಲ್ಕು. ಮನೆ ಬದಲಾಯಿಸೋಣ ಎಂದು ಮಗಳು ಎಷ್ಟು ಸಲ ಹೇಳಿದರೂ, "ಇದೇ ವಿಳಾಸ ಅವರಿಗೆ ಗೊತ್ತಿರೋದು" ಎಂದು ಅದೇ ಎರಡು ಕೋಣೆಯಲ್ಲಿ ಬೇರು ಬಿಟ್ಟು ಕೂತಿದ್ದಳು. ಅಪ್ಪನಿಗೆ ಏನಾಯಿತು ಎಂಬ ಒಂದು ಸಾಲು ಸಿಕ್ಕರೆ ಸಾಕು, ಅಮ್ಮ ನೆಮ್ಮದಿಯಾಗಿ ಉಸಿರು ಬಿಡುತ್ತಾಳೆ ಎಂಬುದಷ್ಟೇ ಕಡತದಮ್ಮನ ಆಸೆ.

ಡಿವಿಜನ್ನಿನ ಪೆಟ್ಟಿಗೆ ಸೋಮವಾರ ಬಂತು. ಒಂದು ಡಿವಿಜನ್ನಿಗೆ ಸಾಮಾನ್ಯವಾಗಿ ಮೂವತ್ತು, ನಲವತ್ತು ಪೆಟ್ಟಿಗೆ ಇರುತ್ತವೆ. ಇದಕ್ಕೆ ಒಂದೇ. ಒಳಗೆ ಒಂದು ದಿನಚರಿ, ದಪ್ಪನೆಯ ಸೈನಿಕರ ಪಟ್ಟಿ, ಮೇಲುಗಡೆ ಕೆಂಪು ಮೊಹರಿನ ಒಂದು ಟಿಪ್ಪಣಿ. ಟಿಪ್ಪಣಿಯನ್ನು ಓದಿ ಅವಳು ಕುರ್ಚಿಯಲ್ಲಿ ಹಾಗೇ ಹಿಂದಕ್ಕೆ ಒರಗಿದಳು.

ನಲವತ್ತೊಂದನೆಯ ಡಿವಿಜನ್ ಎಂಬುದು ಇರಲೇ ಇಲ್ಲ.

ಬೆಟ್ಟಸಾಲಿನ ಹಿಂದೆ ದೊಡ್ಡ ಪಡೆಯೊಂದು ಹೊಂಚು ಹಾಕಿ ಕೂತಿದೆ ಎಂದು ಶತ್ರು ನಂಬಬೇಕಿತ್ತು. ನಂಬಿದರೆ ಅವನ ಪಡೆ ಆ ಕಡೆಯೇ ಸಿಕ್ಕಿಕೊಂಡು ಬೀಳುತ್ತಿತ್ತು. ಅದಕ್ಕಾಗಿ ಮುಚ್ಚಿಹೋದ ಒಂದು ಶಾಲೆಯಲ್ಲಿ ಹನ್ನೊಂದು ಜನ, ನಾಲ್ಕು ವೈರ್‌ಲೆಸ್ ಯಂತ್ರ. ಅವರು ಹಗಲೆಲ್ಲ ಒಬ್ಬರಿಗೊಬ್ಬರು ಸಂದೇಶ ಕಳಿಸುತ್ತ ಹನ್ನೆರಡು ಸಾವಿರ ಜನರ ಸದ್ದು ಮಾಡಬೇಕು. ಡಿವಿಜನ್ನಿಗೊಬ್ಬ ಜನರಲ್ ಬೇಕಲ್ಲ, ಅವನನ್ನೂ ಕೂತು ಹುಟ್ಟಿಸಿದ್ದರು. ಎಡಗಿವಿ ಮಂದ, ಮೂಗಿನ ತುದಿಯಲ್ಲೇ ಕೋಪ, ಸಹಿ ಹಾಕುವುದು ಹಸಿರು ಶಾಯಿಯಲ್ಲಿ ಮಾತ್ರ. ಈ ಹನ್ನೊಂದು ಜನರಲ್ಲಿ ಅವಳ ಅಪ್ಪನೂ ಒಬ್ಬ. ಅವನ ಕೆಲಸ ಸೈನಿಕರ ಪಟ್ಟಿ. ಹೆಸರು, ವಯಸ್ಸು, ದರ್ಜೆ, ಮನೆ ವಿಳಾಸ. ಇಲ್ಲದ ಹನ್ನೆರಡು ಸಾವಿರದ ನಾನೂರು ಚಿಲ್ಲರೆ ಜನರನ್ನು ಅವನು ಒಬ್ಬೊಬ್ಬರನ್ನಾಗಿ ಬರೆದಿದ್ದ.

ದಿನಚರಿಯೂ ಅಪ್ಪನ ಅಕ್ಷರವೇ. ಮೊದಲ ಮೂರು ತಿಂಗಳು ಎಲ್ಲ ನಗೆಚಾಟಿಕೆ. ಇವತ್ತು ಜನರಲ್ ಸಾಹೇಬರಿಗೆ ಶೀತ ಬರಿಸಿದೆವು. ಇವತ್ತು ಎರಡನೆಯ ಬ್ರಿಗೇಡಿನಲ್ಲಿ ಇಬ್ಬರಿಗೆ ಜಗಳ ಹಚ್ಚಿದೆವು. ನಾಲ್ಕನೆಯ ತಿಂಗಳ ಒಂದು ಪುಟದಲ್ಲಿ ಮಾತ್ರ ಎರಡೇ ಸಾಲು:

'ಮಧ್ಯಾಹ್ನ ಮೂರನೆಯ ಬ್ರಿಗೇಡಿನಿಂದ ಸಂದೇಶ ಬಂತು: ಬೂಟು ಸಾಲದು, ಆರು ನೂರು ಜೊತೆ ಬೇಕು. ಆ ಹೊತ್ತಿಗೆ ನಾವು ಹನ್ನೊಂದು ಜನವೂ ಊಟಕ್ಕೆ ಒಂದೇ ಮೇಜಿಗೆ ಕೂತಿದ್ದೆವು.'

ಕಡತದಮ್ಮ ತಲೆಯೆತ್ತಿ ಸುತ್ತ ನೋಡಿದಳು. ಕಿಟಕಿಯಾಚೆ ನಡುಮಧ್ಯಾಹ್ನದ ಬಿಸಿಲು, ಪಕ್ಕದ ಮೇಜಿನಲ್ಲಿ ಯಾರೋ ಫೋನಿನಲ್ಲಿ ಗ್ಯಾಸಿನವನ ಜೊತೆ ಕಾದಾಡುತ್ತಿದ್ದರು. ಅವಳು ಪುಟ ತಿರುವಿದಳು.

ಮೊದಲು ಯಾರೋ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡರಂತೆ. ಆಮೇಲೆ ಶತ್ರುವಿನ ಆಟ ಅಂದುಕೊಂಡರು. ಆದರೆ ಬಂದ ಸಂದೇಶಗಳಲ್ಲಿ ಪಟ್ಟಿಯಲ್ಲಿ ಮಾತ್ರ ಇದ್ದ ಹೆಸರುಗಳು ಬರುತ್ತಿದ್ದವು. ಇಂಥವನಿಗೆ ಹಲ್ಲುನೋವು. ಇಂಥವನು ಅಳುತ್ತಾನೆ. ಇಲ್ಲಿ ಚಳಿ, ನಾವು ಎಲ್ಲಿದ್ದೇವೆ ಗೊತ್ತಾಗುತ್ತಿಲ್ಲ. ಹನ್ನೊಂದು ಜನರಲ್ಲಿ ಒಬ್ಬೊಬ್ಬರೇ ಕೈಕಾಲು ಹಿಡಿದು ಬೇರೆ ಕಡೆಗೆ ವರ್ಗ ಮಾಡಿಸಿಕೊಂಡು ಹೋದರು. ಉಳಿದ ಮೂವರು ಇದರ ಸಹವಾಸವೇ ಬೇಡವೆಂದು ಜನರಲ್ ಸಾಹೇಬನನ್ನು ಕಾಗದದ ಮೇಲೆ ಸಾಯಿಸಿದರು. ತಲೆಯಿಲ್ಲದ ಪಡೆ ತಾನೇ ಚದುರುತ್ತದೆ ಎಂಬ ಲೆಕ್ಕಾಚಾರ. ಆ ಗಳಿಗೆಯಿಂದ ಗಂಟೆಗೊಂದು ಸಲ, ಎಲ್ಲ ರೆಜಿಮೆಂಟುಗಳಿಂದಲೂ ಒಂದೇ ಪ್ರಶ್ನೆ: ಈಗ ನಮ್ಮನ್ನು ನೋಡಿಕೊಳ್ಳುವವರು ಯಾರು?

ಆರು ದಿನ ಅಪ್ಪ ಉತ್ತರ ಕೊಡಲಿಲ್ಲ. ಏಳನೆಯ ದಿನದ ಬರಹ: 'ಉಳಿದಿಬ್ಬರೂ ಹೋದರು. "ನಾನು" ಎಂದು ಉತ್ತರ ಕಳಿಸಿದೆ. ಕೂಡಲೇ ಎಲ್ಲ ಯಂತ್ರಗಳೂ ಸುಮ್ಮನಾದವು, ಮಗುವಿಗೆ ಅಮ್ಮನ ಧ್ವನಿ ಕೇಳಿಸಿದ ಹಾಗೆ.'

ಪಡೆಯ ಪಟ್ಟಿಯಲ್ಲಿ ಹೆಸರಿಲ್ಲದವನು ದಂಡನಾಯಕನಾಗುವಂತಿಲ್ಲ. ಅಚ್ಚುಕಟ್ಟಿನ ಮನುಷ್ಯ ಅಪ್ಪ. ಪಟ್ಟಿಯ ಕೊನೆಯಲ್ಲಿ ತನ್ನ ಹೆಸರು ಸೇರಿಸಿದ. ಅಲ್ಲಿಗೇ ಎಡವಟ್ಟಾಯಿತು. ಒಬ್ಬ ಮನುಷ್ಯ ಎರಡು ಪಟ್ಟಿಯಲ್ಲಿ ಇರಬಾರದೆಂಬುದು ಸೇನೆಯ ನಿಯಮ. ಕೆಂಪು ಮೊಹರಿನ ಟಿಪ್ಪಣಿಯ ಪ್ರಕಾರ, ಮೇಲಿನ ಕಚೇರಿಯ ಯಾರೋ ಇನ್ನೊಬ್ಬ ಅಚ್ಚುಕಟ್ಟಿನ ಮನುಷ್ಯ, ಇವರು ನಲವತ್ತೊಂದರಲ್ಲಿ ಇರುವುದರಿಂದ ನಮ್ಮಲ್ಲಿ ತೆಗೆದಿದೆ ಎಂದು ಬರೆದು ಸೇನೆಯ ಅಸಲಿ ಪಟ್ಟಿಯಲ್ಲಿದ್ದ ಅಪ್ಪನ ಹೆಸರಿಗೆ ಗೀಟು ಹೊಡೆದಿದ್ದ. ನಲವತ್ತು ವರ್ಷ ಅಮ್ಮ ಕೇಳಿದ ಪ್ರಶ್ನೆಗೆ ಉತ್ತರ ಒಂದು ಗೀಟಿನಲ್ಲಿತ್ತು.

ದಿನಚರಿಯ ಕೊನೆಯ ಸಾಲು: 'ನಾಳೆ ಅವರಿರುವ ಕಡೆ ಹೋಗುತ್ತೇನೆ. ಮನೆಗೆ ಹೋಗಿ ಎಂಬ ಆದೇಶ ಬರುವವರೆಗೆ ಬಿಟ್ಟು ಬರುವುದು ಹೇಗೆ?' ಆದೇಶ ಬಂದಿರಲಿಲ್ಲ. ಇಲ್ಲದ ಡಿವಿಜನ್ನನ್ನು ವಿಸರ್ಜಿಸಬೇಕೆಂದು ಯಾರಿಗೆ ತಾನೆ ಹೊಳೆಯುತ್ತದೆ?

ಅವಳು ದಿನಚರಿಯನ್ನು ಎದೆಗವುಚಿಕೊಂಡು ಮುಖ್ಯಸ್ಥರ ಕೋಣೆಗೆ ಹೋದಳು. ನಿವೃತ್ತಿಗೆ ಎಂಟು ತಿಂಗಳಿದ್ದ ಮುಖ್ಯಸ್ಥರಿಗೆ ದೆವ್ವವೇ ಎದುರು ಕೂತರೂ ಅರ್ಜಿ ಸರಿಯಾಗಿದೆಯಾ ಎಂದು ಕೇಳುವ ಸ್ವಭಾವ.

"ಇಲ್ದೇ ಇರೋ ಡಿವಿಜನ್ನಿಗೆ ಎರಡು ಪುಟ ಯಾಕಮ್ಮ ದಂಡ?" ಅಂದರು. ಆಮೇಲೆ ತಾವೇ ತಲೆ ಕೆರೆದುಕೊಂಡರು. "ಆದ್ರೆ ನಲವತ್ತಾದ್ಮೇಲೆ ನಲವತ್ತೆರಡು ಬಂದ್ರೆ ಮೇಲಿನೋರು ನನ್ನ ಪ್ರಾಣ ತಿಂತಾರೆ. ಬರೆದು ಮುಗಿಸಿಬಿಡು."

"ವಿಸರ್ಜನೆ ಆದೇಶಾನೇ ಇಲ್ಲ ಸಾರ್."

"ಇಲ್ದಿದ್ರೆ ಬರೆಯೋರೇ ಒಂದು ತಾರೀಕು ಹಾಕಿ ಸಹಿ ಮಾಡಬಹುದು. ಹದಿನಾಲ್ಕನೇ ನಿಯಮ. ನೀನೇ ನಂಗೆ ಎಷ್ಟು ಸಲ ಓದಿ ಹೇಳಿದೀಯ! ಸಹಿ ಹಾಕಿದ್ರೆ ಆದೇಶ ಆದಂಗೇ."

"ಯಾವ ತಾರೀಕು ಹಾಕಲಿ?"

"ನಾಳೇದೇ ಹಾಕು. ಅವರೇನು ಬಂದು ಜಗಳ ಆಡ್ತಾರಾ?"

ಮೇಜಿಗೆ ಮರಳಿ ಅವಳು ಮೊದಲ ಸಲ ಪಟ್ಟಿಯನ್ನು ಬಿಚ್ಚಿದಳು. ಮುನ್ನೂರ ಹನ್ನೊಂದು ಹಾಳೆ. ಕೊನೆಯ ಹಾಳೆಯಲ್ಲಿ ಆರೇ ಸಾಲು, ಆರನೆಯದು ಅಪ್ಪನ ಹೆಸರು. ದರ್ಜೆಯ ಚೌಕದಲ್ಲಿ 'ಹಂಗಾಮಿ ದಂಡನಾಯಕ'. ಹೆಸರನ್ನು ಬೆರಳಿನಿಂದ ಸವರಿದಳು, ಕಣ್ಣು ಮಂಜಾಯಿತು. ಕಣ್ಣೊರೆಸಿಕೊಂಡು ಮೊದಲ ಹಾಳೆಗೆ ಬಂದಾಗ ವಿಳಾಸದ ಸಾಲು ಕಣ್ಣಿಗೆ ಬಿತ್ತು. ಎರಡು ಸಲ ಓದಿಕೊಂಡಳು. ಅದು ಅವಳ ಮನೆಯ ವಿಳಾಸ. ಕೆಳಗೆ ಮೂವತ್ತೊಂಬತ್ತು ಹೆಸರಿನ ಮುಂದೆ 'ಮೇಲಿನಂತೆ, ಮೇಲಿನಂತೆ, ಮೇಲಿನಂತೆ'. ಎರಡನೆಯ ಹಾಳೆಯ ನೆತ್ತಿಯಲ್ಲೂ ಅದೇ ವಿಳಾಸ, ಕೆಳಗೆ ಮೇಲಿನಂತೆ. ನೂರನೆಯ ಹಾಳೆ, ಇನ್ನೂರನೆಯ ಹಾಳೆ. ಎಲ್ಲ ಕಡೆಯೂ ಅದೇ.

ಸಂಜೆ ಮನೆಯಲ್ಲಿ ಅಮ್ಮ ಒಣಗಿದ ಬಟ್ಟೆ ಮಡಚುತ್ತ ಕೂತಿದ್ದಳು. ಮಗಳು ಪೀಠಿಕೆ ಹಾಕದೆ ಎಲ್ಲ ಹೇಳಿದಳು. ಅಮ್ಮನ ಕೈ ನಿಲ್ಲಲಿಲ್ಲ.

"ನಿಂಗೆ ಗೊತ್ತಿತ್ತಾ ಅಮ್ಮ?"

"ಡಿವಿಜನ್ ಸುಳ್ಳು ಅಂತ ಗೊತ್ತಿತ್ತು. ಯಾರಿಗೂ ಹೇಳಬೇಡ ಅಂದಿದ್ರು, ಹೇಳಲಿಲ್ಲ."

"ನನಗೂ?"

"'ಯಾರಿಗೂ' ಅಂದ್ರೆ ನೀನೂ ಸೇರಿದ ಹಾಗೆ ಅಲ್ವಾ? ಆಗ ನಿಂಗೆ ಎರಡು ವರ್ಷ, ಕಂಡೋರಿಗೆಲ್ಲ ಕೂಗಿ ಹೇಳ್ತಿದ್ದೆ." ಅಮ್ಮ ಒಂದು ಸೀರೆಯನ್ನು ಕೊಡವಿದಳು. "ಅಂಚೆ ಕಚೇರೀಲಿ ಶತ್ರುಗಳ ಕಡೆಯೋನು ಒಬ್ಬ ಇದ್ದನಂತೆ. ಅಷ್ಟು ಜನ ಸೈನಿಕರು ಅಂದ್ಮೇಲೆ ಮನೆಗೆ ಕಾಗದ ಬರಬೇಕಲ್ಲ? ಸುಳ್ಳು ವಿಳಾಸ ಹಾಕಿದ್ರೆ ಸಿಕ್ಕಿ ಬೀಳ್ತಾರೆ, ಬೇರೆಯೋರ ವಿಳಾಸ ಹಾಕೋದು ತಪ್ಪು. ಅದಕ್ಕೇ ನಮ್ದೇ ಹಾಕಿದ್ರು. ವಾರಕ್ಕೊಂದು ಚೀಲ ಬರೋದು. ಉತ್ತರ ನಾನು ಬರೀತಿದ್ದೆ. ಒಬ್ಬನಿಗೆ ತಾಯಿಯಾಗಿ, ಒಬ್ಬನಿಗೆ ಅಕ್ಕನಾಗಿ. ಒಬ್ಬನಿಗೆ ಹೆಂಡ್ತಿಯಾಗೀನೂ ಬರೆದೆ, ನಾಚಿಕೆ ಆಗೋದು, ನಿಮ್ಮಪ್ಪಂಗೇ ಬರೀತಿದೀನಿ ಅಂದ್ಕೊಂಡು ಬರೆದೆ."

"ಅದನ್ನೆಲ್ಲ ಅಪ್ಪಾನೇ ತಾನೆ ಬರೀತಿದ್ದಿದ್ದು?"

ಈಗ ಅಮ್ಮನ ಕೈ ನಿಂತಿತು. "ಮೊದಮೊದಲು ಅವರ ಅಕ್ಷರಾನೇ. ಸ್ವಲ್ಪ ವಾರೆ ಮಾಡಿ ಬರೀತಿದ್ರು, ನಂಗೆ ಗೊತ್ತಾಗಲ್ವಾ? ಆಮೇಲಾಮೇಲೆ ಬೇರೆ ಬೇರೆ ಅಕ್ಷರ ಆಯ್ತು. ಮಂಡಿನೋವು ಅಂತ ಒಬ್ಬ ಬರೀತಿದ್ದ. ಬಿಸಿನೀರಲ್ಲಿ ಬಟ್ಟೆ ಅದ್ದಿ ಕಟ್ಕೋ ಮಗಾ ಅಂತ ಬರೆದಿದ್ದೆ. ಮುಂದಿನ ವಾರ ಬರೆದ, ಅಮ್ಮಾ ಇಲ್ಲಿ ನೀರೇ ಇಲ್ಲ ಅಂತ."

ಎದುರುಮನೆಯ ದರ್ಜಿಯ ಯಂತ್ರ ಕಟಕಟ ಓಡುತ್ತಿತ್ತು.

"ನಾನು ಸಹಿ ಹಾಕಿದ್ರೆ ಅಪ್ಪ ಬರ್ತಾರೆ ಅನ್ನಿಸ್ತಿದೆ," ಅಂದಳು ಮಗಳು. "ಹುಚ್ಚು ಅನ್ನು ಬೇಕಾದ್ರೆ. ಆದ್ರೆ ವಿಸರ್ಜನೆ ಅಂದ್ರೆ ಎಲ್ಲರೂ ಅವರವರ ವಿಳಾಸಕ್ಕೆ ಹೋಗೋದು. ಎಲ್ಲರ ವಿಳಾಸಾನೂ ಇದೇ. ಹನ್ನೆರಡು ಸಾವಿರ ಜನ ಅಮ್ಮ! ಅವರು ಎಂಥವರೋ ಏನೋ. ನನಗೆ ಹೆದರಿಕೆ ಆಗುತ್ತೆ. ಹಾಕದೆ ಬಿಟ್ರೆ ಅಪ್ಪ ಯಾವತ್ತೂ ಬರಲ್ಲ."

"ಒಬ್ಬರೇ ಬರೋ ಜಾತಿ ಅಲ್ಲ ಅವರು. ಯಾವತ್ತು ಬಂದ್ರೂ ನಾಲ್ಕು ಜನರನ್ನ ಕರ್ಕೊಂಡೇ ಬರ್ತಿದ್ರು." ಅಮ್ಮ ಮಡಚಿದ ಬಟ್ಟೆಗಳನ್ನು ಬದಿಗಿಟ್ಟು ಕೋಣೆಯನ್ನೊಮ್ಮೆ ಅಳೆಯುವಂತೆ ನೋಡಿದಳು. "ಬರಲಿ ಬಿಡು. ಆ ಮಂಚ ಒಂದನ್ನ ಗೋಡೆಗೆ ಸರಿಸೋಣ."

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಅವಳು ನಾಲ್ಕನೆಯ ತಲೆಬರಹದ ಕೆಳಗೆ ತಾರೀಕು ಬರೆದು ಸಹಿ ಮಾಡಿದಳು. ಮುಖ್ಯಸ್ಥರು ಓದದೆಯೇ ಮೊಹರು ಒತ್ತಿದರು. ಪಟ್ಟಿಯನ್ನು ಯಾರಿಗೂ ಹೇಳದೆ ಚೀಲಕ್ಕೆ ಹಾಕಿಕೊಂಡು, ಹದಿನೆಂಟು ವರ್ಷದಲ್ಲಿ ಮೊದಲ ಸಲ ಅರ್ಧ ದಿನ ರಜೆ ಬರೆದು ಮನೆಗೆ ಬಂದಳು.

ಮನೆಯ ಬಾಗಿಲು ಹಾರುಹೊಡೆದಿತ್ತು. ಅಮ್ಮ ನೆಲ ಒರೆಸಿ, ಹೊಸ ಸೀರೆ ಉಟ್ಟು, ಹೊಸ್ತಿಲ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದಳು. ಮಗಳು ಮೆಟ್ಟಿಲ ಮೇಲೆ ಪಟ್ಟಿ ಬಿಚ್ಚಿಕೊಂಡು ಕೂತಳು.

ಎರಡು ಗಂಟೆಯ ಹೊತ್ತಿಗೆ ಮೊದಲನೆಯವನು ಬಂದ.

ಬೀದಿಯ ಕೊನೆಯಿಂದ ಕುಂಟುತ್ತ ಬಂದ. ಅವನ ಕುಂಟು ಎಷ್ಟು ಸ್ಪಷ್ಟವಾಗಿ ಕಾಣುತ್ತಿತ್ತೆಂದರೆ, ಮಂಡಿಯ ಮೇಲೆ ಬಟ್ಟೆ ಸವೆದ ಎಳೆಗಳನ್ನೂ ಎಣಿಸಬಹುದಿತ್ತು. ಮಂಡಿಯ ಮೇಲುಗಡೆ ಮಾತ್ರ ಕಣ್ಣು ನಿಲ್ಲುತ್ತಲೇ ಇರಲಿಲ್ಲ. ಮುಖವಿತ್ತು, ಆದರೆ ನೋಡಿದ ಮರುಕ್ಷಣ ಮರೆತುಹೋಗುತ್ತಿತ್ತು.

"ಮಂಡಿನೋವು ಹೇಗಿದೆಯೋ?" ಅಂದಳು ಅಮ್ಮ.

"ಪರವಾಗಿಲ್ಲಮ್ಮ. ನೀರು ಸಿಗುತ್ತಾ?"

"ಒಳಗೆ ಕೊಡದಲ್ಲಿದೆ, ಹೋಗು. ಬೂಟು ಹೊರಗೆ ಬಿಡು, ಈಗ ತಾನೆ ಒರೆಸಿದೀನಿ."

ಅವನು ಹೆಸರು ಹೇಳಿದ. ಮಗಳು ಪಟ್ಟಿಯಲ್ಲಿ ಹುಡುಕಿ ಗುರುತು ಹಾಕಿದಳು. ಅವನ ಹಿಂದೆ ಇನ್ನೊಬ್ಬ, ಇನ್ನೊಬ್ಬನ ಹಿಂದೆ ಬೀದಿ ತಿರುಗುವವರೆಗೂ ಸಾಲು. ಅವಳಿಗೆ ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ: ಬರೆದಷ್ಟು ಮಾತ್ರ ಅವರು ಇದ್ದರು. ಹಲ್ಲುನೋವಿನವನಿಗೆ ಊದಿದ ಕೆನ್ನೆಯೊಂದೇ ಕೆನ್ನೆ. ಎಡಚನಿಗೆ ಎಡಗೈ ಮಾತ್ರ ಗಟ್ಟಿ, ಬಲಗೈ ಹೊಗೆಯ ಹಾಗೆ. ಹೆಸರು, ವಯಸ್ಸು ಬಿಟ್ಟು ಬೇರೇನೂ ಬರೆಸಿಕೊಳ್ಳದವರು ಮೊಳೆಗೆ ನೇತುಹಾಕಿದ ಕೋಟಿನಂತೆ ಬಂದು, ಮೆಲ್ಲಗೆ ಹೆಸರು ಹೇಳಿ ಒಳಗೆ ಹೋಗುತ್ತಿದ್ದರು. ಅವರನ್ನು ಅಮ್ಮ ಹೆಚ್ಚು ಮಾತಾಡಿಸುತ್ತಿದ್ದಳು. "ನಿನಗೆ ಬರೆಯೋಕಾಗಲಿಲ್ಲ ಕಣಪ್ಪ, ಆ ವಾರ ಮಗೂಗೆ ಜ್ವರ ಇತ್ತು" ಎಂದು ತಪ್ಪೊಪ್ಪಿಕೊಳ್ಳುತ್ತಿದ್ದಳು. ಆಗ ಒಂದೊಂದು ಕೋಟಿನ ಮೇಲುಗಡೆ ಒಂದು ನಗೆ ಮೂಡಿ ಅಷ್ಟೇ ನಿಲ್ಲುತ್ತಿತ್ತು.

ದರ್ಜಿ ತಲೆಯೆತ್ತಿ ಕೇಳಿದ, "ಏನಕ್ಕಾ, ಬಾಗಿಲು ತೆಗೆದಿಟ್ಟು ಕೂತಿದೀರಾ ಇಬ್ಬರೂ? ನೆಂಟರು ಬರ್ತಿದಾರಾ?"

"ಬರ್ತಿದಾರೆ ಕಣೋ," ಅಂದಳು ಅಮ್ಮ. ಸಾಲು ಅವನ ಯಂತ್ರವನ್ನು ಸುತ್ತಿಕೊಂಡೇ ನಿಂತಿತ್ತು. ಅವನು ನೂಲು ಕಚ್ಚಿ ಕತ್ತರಿಸಿ ಮತ್ತೆ ತುಳಿಯತೊಡಗಿದ.

ಎಷ್ಟು ಹೊತ್ತಾಯಿತೋ. ಹಾಳೆಗಳು ಎಡದಿಂದ ಬಲಕ್ಕೆ ಬೀಳುತ್ತಿದ್ದವು. ಮೂರನೆಯ ಮೆಟ್ಟಿಲ ಮೇಲಿದ್ದ ಬಿಸಿಲು ಮಾತ್ರ ಮೂರನೆಯ ಮೆಟ್ಟಿಲಲ್ಲೇ ಇತ್ತು. ಬೂಟುಗಳು ಹೊಸ್ತಿಲ ಹೊರಗೆ ಒಂದು ಜೊತೆಯೂ ಉಳಿಯದಿದ್ದದ್ದನ್ನು ಅವಳು ಗಮನಿಸಿದಳು. ಎರಡು ಕೋಣೆಯೊಳಗೆ ಅಷ್ಟೂ ಜನ ಹೇಗೆ ಹಿಡಿದರೆಂದು ತಿರುಗಿ ನೋಡುವ ಧೈರ್ಯ ಬರಲಿಲ್ಲ. ಸದ್ದು ಮಾತ್ರ ಕೇಳುತ್ತಿತ್ತು. ದೊಡ್ಡ ಮೈದಾನದ ಸದ್ದು. ಯಾರೋ ದೂರದಲ್ಲಿ ಕೆಮ್ಮಿದರು, ಮೈಲಿಯಾಚೆ ಎಂಬಂತೆ. ಕೊಡದ ನೀರು ಮೊಗೆಯುವ ಸದ್ದು ನಿಲ್ಲಲೇ ಇಲ್ಲ. ಕತ್ತಿನ ಹಿಂಭಾಗಕ್ಕೆ ಬೆಟ್ಟದ ಚಳಿಗಾಳಿ ಬಾಗಿಲಿನಿಂದ ಬೀಸುತ್ತಿತ್ತು.

ಮುನ್ನೂರ ಹನ್ನೊಂದನೆಯ ಹಾಳೆ. ಒಬ್ಬ, ಇಬ್ಬರು, ಐವರು. ಐದನೆಯವನು ಒಳಗೆ ಹೋದ.

ಬೀದಿ ಖಾಲಿಯಾಯಿತು.

ಅಮ್ಮ ಕುರ್ಚಿಯಿಂದ ಎದ್ದಳು. ಸೆರಗು ಸರಿಮಾಡಿಕೊಂಡಳು. ಇಬ್ಬರೂ ಬೀದಿಯ ತಿರುವನ್ನೇ ನೋಡಿದರು. ಒಂದು ಕಾಗದದ ಚೂರು ಉರುಳಿ ಹೋಯಿತು. ಮತ್ತೇನಿಲ್ಲ.

"ಅವರು?" ಅಂದಳು ಅಮ್ಮ. ಬೆಳಗಿನಿಂದ ಗಟ್ಟಿಯಾಗಿದ್ದ ಧ್ವನಿ ಈಗ ಒಡೆಯಿತು. "ಎಲ್ಲರನ್ನೂ ಕಳಿಸಿ ಕೊನೇಲಿ ಬರ್ತಾರೆ ಅಂದ್ಕೊಂಡಿದ್ದೆ. ಯಾಕೆ ಬರಲಿಲ್ಲ? ಸರಿಯಾಗಿ ನೋಡೇ!"

ಮಗಳು ಕೊನೆಯ ಸಾಲು ನೋಡಿದಳು. ಹೆಸರು ಇತ್ತು. ವಯಸ್ಸು ಇಪ್ಪತ್ತೆಂಟು, ಇತ್ತು. ದರ್ಜೆ ಇತ್ತು. ಅದರ ಮುಂದಿನ ಚೌಕದಲ್ಲಿ ಏನೂ ಇರಲಿಲ್ಲ.

ಹನ್ನೆರಡು ಸಾವಿರದ ನಾನೂರ ಐದು ಜನಕ್ಕೆ ವಿಳಾಸ ಬರೆದ ಅಪ್ಪ ತನ್ನ ಸಾಲಿನಲ್ಲಿ 'ಮೇಲಿನಂತೆ' ಎಂದು ಬರೆಯಲು ಮರೆತಿದ್ದ. ಮೇಲಿನ ಐದೂ ಸಾಲಿನಲ್ಲಿ ವಿಳಾಸ ಇತ್ತಲ್ಲ, ಆರನೆಯದರಲ್ಲೂ ಇದ್ದೇ ಇರುತ್ತದೆಂದು ಅವಳ ಕಣ್ಣು ತಾನೇ ಓದಿಕೊಂಡು ಮುಂದೆ ಹೋಗಿತ್ತು. ಇಬ್ಬರು ಗುಮಾಸ್ತರು, ಅಪ್ಪ ಮತ್ತು ಮಗಳು, ಒಂದೇ ಚೌಕದಲ್ಲಿ ಎಡವಿದ್ದರು. ಆದೇಶ ಅಪ್ಪನಿಗೂ ತಲುಪಿತ್ತು. ಎಲ್ಲಿಗೆ ಹೋಗಬೇಕೆಂಬುದು ಮಾತ್ರ ತಲುಪಿರಲಿಲ್ಲ.

ಹಳೆಯ ದಾಖಲೆಯಲ್ಲಿ ಒಂದು ಚುಕ್ಕೆಯನ್ನೂ ಸೇರಿಸಬಾರದು. ಇದು ಅವಳ ಕಚೇರಿಯ ಮೊದಲ ನಿಯಮ, ಹೊಸಬರಿಗೆಲ್ಲ ಅವಳೇ ಗದರಿಸಿ ಕಲಿಸುತ್ತಿದ್ದ ನಿಯಮ. ಪೆನ್ನಿನ ಮುಚ್ಚಳ ತೆಗೆದಳು. 'ಮೇಲಿನಂತೆ' ಎಂದು ಬರೆಯಲು ಹೊರಟು ತಡೆದಳು. ಮನೆ ಸಂಖ್ಯೆಯಿಂದ ಹಿಡಿದು ಪೂರ್ತಿ ವಿಳಾಸ ಬರೆದಳು, ಬೀದಿಯ ಹೆಸರು, ಎದುರಿಗೆ ದರ್ಜಿಯ ಅಂಗಡಿ ಎಂಬುದನ್ನೂ ಸೇರಿಸಿ. ಅಪ್ಪ ಹೋದಾಗ ಅದು ಅಕ್ಕಿಯಂಗಡಿಯಾಗಿತ್ತೆಂದು ಅಮ್ಮ ಹೇಳಿದ್ದು ನೆನಪಾಗಿ ಪಕ್ಕದಲ್ಲಿ ಅದನ್ನೂ ಬರೆದಳು. ಚೌಕ ಸಾಲದೆ ಅಕ್ಷರಗಳು ಅಂಚಿಗೆ ಹರಿದವು.

ಕೊನೆಯ ಅಕ್ಷರದಿಂದ ಪೆನ್ನು ಎತ್ತಿದ ಕ್ಷಣ, ಅವಳ ಬೆನ್ನ ಹಿಂದೆ, ಎರಡು ಕೋಣೆಯ ಮನೆಯೊಳಗಿದ್ದ ಅಷ್ಟೂ ಸದ್ದು ಒಮ್ಮೆಲೇ ಅಡಗಿತು. ಕೆಮ್ಮಿಲ್ಲ, ನೀರಿನ ಸದ್ದಿಲ್ಲ. ಆಮೇಲೆ ಹನ್ನೆರಡು ಸಾವಿರದ ನಾನೂರ ಐದು ಜೊತೆ ಹಿಮ್ಮಡಿಗಳು ಒಂದೇ ಸಲ, ಒಂದೇ ಏಟಿಗೆ, ಕೂಡಿದವು. ದಂಡನಾಯಕ ಬರುವಾಗ ಪಡೆ ಎದ್ದು ನಿಲ್ಲುವ ಸದ್ದು ಅದು.

ಎದುರುಗಡೆ ದರ್ಜಿಯ ಯಂತ್ರ ನಿಂತಿತು. ಅವನು ಬೆಚ್ಚಿ ಬೀದಿಯ ತಿರುವಿನ ಕಡೆ ನೋಡುತ್ತಿದ್ದ.

"ಅಕ್ಕಾ," ಅಂದ, "ಯಾರೋ ಚಿಕ್ಕ ವಯಸ್ಸಿನೋರು ಬರ್ತಿದಾರೆ. ಮನೆ ಹುಡುಕ್ತಿರೋ ಹಾಗಿದೆ."